‘ರಿಲೀಸ್’ ಅಂದರೆ ಬಿಡುಗಡೆಯೋ, ಬಾಯಿಬಿಡುವುದೋ?

ಗೆಳೆಯರೇ,

ಮಿದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದನ್ನು ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ ನೋಡುತ್ತಾರಲ್ಲ, ಅದರ ಬಗ್ಗೆ ಹೈಸ್ಕೂಲು ಮಕ್ಕಳಿಗೊಂದು ಬರಹ ಬರೆಯುತ್ತಿದ್ದೇನೆ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಜಾಗಕ್ಕಿರುವ ‘ಸಿನಾಪ್ಸ್’ ಪದವನ್ನು ಹಾಗೇ ಉಳಿಸಿಕೊಂಡೆ. ‘ನರಸಂಧಿ’ ಅಂದರೆ ಎರಡು ನರ ಅಂಟಿಕೊಂಡಂತೆ ಕೇಳಿಸುತ್ತದೆ. ನಿಜಕ್ಕೂ ನಡುವೆ ಸುಮಾರು 20 ನ್ಯಾನೋಮೀಟರ್ ಜಾಗವಿದೆ. ಅದಕ್ಕೆ ‘ಸಂದು’ ಚೆನ್ನಾಗಿ ಒಪ್ಪುತ್ತದೆ, ಹಲ್ಲಿನ ಸಂದು ಅನ್ನುತ್ತೇವಲ್ವಾ, ಹಾಗೆ.

ತೊಡಕಿರುವುದು ‘ರಿಲೀಸ್’ನಲ್ಲಿ. ನರದ ತುದಿಯಲ್ಲಿ ರಾಸಾಯನಿಕ ತುಂಬಿದ ಪುಟ್ಟ ಚೀಲಗಳಿರುತ್ತವೆ, ಒಂದೊಂದೂ ಸುಮಾರು 40 ನ್ಯಾನೋಮೀಟರ್ ಅಗಲ. ವಿದ್ಯುತ್ ಮಿಡಿತ ಬಂದಾಗ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಚೀಲ ನರದ ಹೊರಪೊರೆಗೆ ಬೆಸೆದುಕೊಂಡು ತೆರೆದುಕೊಳ್ಳುತ್ತದೆ, ಒಳಗಿನ ರಾಸಾಯನಿಕ ಸಂದಿಗೆ ಬರುತ್ತದೆ.

ಇದಕ್ಕೆ ‘ಬಿಡುಗಡೆ’ ಅನ್ನುವುದು ವಾಡಿಕೆ. ಆದರೆ ಬಿಡುಗಡೆ ಅಂದಾಗ ಯಾರೋ ತೀರ್ಮಾನ ಮಾಡಿ ಬಿಟ್ಟಂತಾಗುತ್ತದೆ, ಕೈದಿಯನ್ನೋ ಅನುದಾನವನ್ನೋ ಬಿಟ್ಟ ಹಾಗೆ. ‘ಸ್ರವಿಸು’ ಅಂದರೆ ಒಂದೇ ಸಮನೆ ಜಿನುಗಿದಂತೆ. ಇಲ್ಲಿ ಜಿನುಗುವ ಮಾತೇ ಇಲ್ಲ. ನರವಿಜ್ಞಾನಿ ಬರ್ನಾರ್ಡ್ ಕಾಟ್ಜ್ ಮತ್ತು ಜೊತೆಗಾರರು 1950ರ ದಶಕದಲ್ಲಿ ಕಪ್ಪೆಯ ಸ್ನಾಯುವಿನಲ್ಲಿ ಕಂಡಿದ್ದು ಇದನ್ನೇ: ರಾಸಾಯನಿಕ ಬರುವುದು ಪೊಟ್ಟಣದ ಲೆಕ್ಕದಲ್ಲಿ. ಒಂದು, ಎರಡು, ಮೂರು. ಇನ್ನೊಂದು ವಿಷಯ, ಮಿಡಿತ ಬಂದಾಗಲೆಲ್ಲ ಚೀಲ ತೆರೆಯುವುದಿಲ್ಲ. ಮಿದುಳಿನಲ್ಲಿ ನೆನಪಿಗೆ ಬೇಕಾದ ಭಾಗವಾದ ಹಿಪೊಕ್ಯಾಂಪಸ್ಸಿನ ಎಷ್ಟೋ ಸಿನಾಪ್ಸ್‌ಗಳಲ್ಲಿ ಸುಮ್ನೆ ಹೋಗುವ ಮಿಡಿತಗಳೇ ಜಾಸ್ತಿ. ಅದಕ್ಕೇ ಇಂಥ ಮಾದರಿ ಕಟ್ಟುವ ‘ಎಂಸೆಲ್’ನಂಥ (MCell) ತಂತ್ರಾಂಶ ಪ್ರತಿ ಹೆಜ್ಜೆಗೂ ದಾಳ ಉರುಳಿಸಿದ ಹಾಗೆ ಒಂದೊಂದು ಅಣುವನ್ನೂ ಅಡ್ಡಾದಿಡ್ಡಿ ನಡೆಸಿ ನೋಡುತ್ತದೆ.

ಹಾಗಾಗಿ ನನಗೆ ‘ಬಾಯಿಬಿಡು’ ಹಿಡಿಸಿದೆ. ಬಲಿತ ಹತ್ತಿಕಾಯಿ ತಾನಾಗೇ ಬಾಯಿಬಿಡುತ್ತದೆ. ಎಷ್ಟು ಕೇಳಿದರೂ ಬಾಯಿಬಿಡದ ಮನುಷ್ಯರೂ ಇರುತ್ತಾರೆ. ‘ಮಿಡಿತ ಬಂತು, ಚೀಲ ಬಾಯಿಬಿಡಲಿಲ್ಲ’ ಅಂದರೆ ಮಗುವಿಗೂ ತಿಳಿಯುತ್ತದೆ. ‘ಸಿಡಿ’, ‘ಒಡೆ’ ಬೇಡ ಅನ್ನಿಸಿತು. ಚೀಲದ ಪೊರೆ ಹಾಳಾಗುವುದಿಲ್ಲ, ಅದರಿಂದಲೇ ಮತ್ತೆ ಚೀಲ ಆಗುತ್ತದೆ.

ಆದರೆ ಲೆಕ್ಕದ ಭಾಗಕ್ಕೆ ಬಂದಾಗ ತಡವರಿಸುತ್ತೇನೆ. ‘ಬಾಯಿಬಿಡುವ ಸಂಭವನೀಯತೆ 0.2’ ಅಂತ ಬರೆದರೆ ಓದಲು ಸರಾಗವೇ? ‘ಬಿರಿ’ ಮೇಲೇ? ಹತ್ತಿ ಬೆಳೆಯುವ ಕಡೆಯವರು ಕಾಯಿ ತೆರೆದುಕೊಳ್ಳುವುದಕ್ಕೆ ಬೇರೆ ಮಾತು ಬಳಸುತ್ತೀರಾ? ಒಂದೆರಡು ವಾಕ್ಯದ ಜೊತೆ ತಿಳಿಸಿ.