ಹೊಗೆಗೆ ಮುಚ್ಚಳ ಹಾಕುವ ಗಾಳಿಗೆ ಏನನ್ನೋಣ?

ಗೆಳೆಯರೇ,

ಕಾರವಾರದ ಹೈಸ್ಕೂಲು ಮಕ್ಕಳಿಗಾಗಿ ಗಾಳಿ ಕೆಡುವುದರ ಬಗ್ಗೆ ನಾಲ್ಕು ಪುಟ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಗಾಡಿ ನಿಂತಿದೆ.

ಮೊದಲನೆಯದು ಇನ್‌ವರ್ಷನ್. ಪುಸ್ತಕದ ಕನ್ನಡದಲ್ಲಿ 'ಉಷ್ಣತಾ ವಿಲೋಮ'. ತಪ್ಪೇನಿಲ್ಲ. ಮೇಲೆ ಹೋದಂತೆ ಗಾಳಿ ಕಿಲೋಮೀಟರಿಗೆ ಸರಾಸರಿ 6.5 ಡಿಗ್ರಿ ತಣ್ಣಗಾಗಬೇಕು. ಇಲ್ಲಿ ಉಲ್ಟಾ: ಕೆಳಗೆ ತಂಪು, ಮೇಲೆ ಬೆಚ್ಚಗೆ. ಆದರೆ ಹೊಗೆ ಯಾಕೆ ಸಿಕ್ಕಿಬಿತ್ತು ಅನ್ನೋದು ಆ ಪದದಲ್ಲಿ ಕಾಣುವುದಿಲ್ಲ, ಅಲ್ವಾ?

ಶಿರಸಿಯಲ್ಲಿ ಜನವರಿಯ ಬೆಳಿಗ್ಗೆ ನೋಡಿದವರಿಗೆ ಇದು ಗೊತ್ತು. ಅಡಿಕೆ ಬೇಯಿಸುವ ಒಲೆಯ ಹೊಗೆ ಮರದ ತಲೆಯವರೆಗೆ ನೆಟ್ಟಗೆ ಏಳುತ್ತದೆ. ಅಲ್ಲಿ ಏನೋ ತಾಗಿದ ಹಾಗೆ ಅಡ್ಡ ತಿರುಗಿ, ತೋಟದ ಮೇಲೆ ಚಾಪೆ ಹಾಸಿದಂತೆ ಮಲಗುತ್ತದೆ. 'ಇವತ್ತು ಹೊಗೆ ಮೇಲೆ ಹೋಗ್ತಿಲ್ಲೆ' ಎಂದು ನಮ್ಮತ್ತೆ ಕಣ್ಣು ಒರೆಸಿಕೊಳ್ಳುತ್ತಾರೆ. ಮೇಲಿನ ಬೆಚ್ಚನೆಯ ಗಾಳಿಯೇ ಹೊಗೆಗೆ ಮುಚ್ಚಳ. ಅದಕ್ಕೇ ನನಗೆ 'ಬಿಸಿಮುಚ್ಚಳ' ಅನ್ನೋಣ ಅನಿಸಿದೆ. ಮುಚ್ಚಳ ಎಷ್ಟು ಕೆಳಗಿದೆಯೋ ಗಾಳಿ ಅಷ್ಟು ಹೊಲಸು. ಬಿಸಿಲ ಮಧ್ಯಾಹ್ನ ಹೊಗೆ ಒಂದೆರಡು ಕಿಲೋಮೀಟರ್ ಎತ್ತರದವರೆಗೆ ಬೆರೆಯಬಹುದು. ಚಳಿಯ ರಾತ್ರಿ ಒಂದಿನ್ನೂರು ಮೀಟರ್ ಸಿಕ್ಕರೆ ಹೆಚ್ಚು. ಒಲೆ ಅದೇ, ಸೌದೆ ಅದೇ, ಕೋಣೆ ಮಾತ್ರ ಗಿಡ್ಡ.

ನಿಜವಾದ ತೊಡಕು ಎರಡನೆಯ ಪದ, ಸಬ್ಸಿಡೆನ್ಸ್. ತೋಟದ ಮುಚ್ಚಳ ರಾತ್ರಿ ನೆಲ ತಣ್ಣಗಾಗಿ ಹುಟ್ಟಿದ್ದು, ಬಿಸಿಲೇರಿದರೆ ಒಡೆಯುತ್ತದೆ. ಇನ್ನೊಂದು ಬಗೆಯದು ಮೇಲಿಂದಲೇ ಬರುತ್ತದೆ. ಒತ್ತಡ ಜಾಸ್ತಿ ಇರುವ ಕಡೆ ಎತ್ತರದ ಗಾಳಿ ದಿನಗಟ್ಟಲೆ ನಿಧಾನ ಕೆಳಗಿಳಿಯುತ್ತದೆ. ಇಳಿದಂತೆ ಒತ್ತಿಕೊಂಡು ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆದಾಗ ಕೈಗೆ ಬಿಸಿ ತಾಗುತ್ತದಲ್ಲ, ಹಾಗೆ. ಅದು ನೆಲದವರೆಗೆ ಬರದೆ ನಡುವೆಯೇ ಬೆಚ್ಚನೆಯ ಪದರವಾಗಿ ನಿಲ್ಲುತ್ತದೆ. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಕಲ್ಲಿದ್ದಲ ಹೊಗೆಯನ್ನು ಐದು ದಿನ ಹಿಡಿದಿಟ್ಟು ಸಾವಿರಾರು ಜನರನ್ನು ಕೊಂದದ್ದರಲ್ಲಿ ಇಂಥ ಮುಚ್ಚಳದ ಪಾಲು ಇತ್ತು.

ಗಾಳಿ ಹೀಗೆ ಇಳಿಯುವುದಕ್ಕೇ ಇಂಗ್ಲಿಷಿನಲ್ಲಿ ಸಬ್ಸಿಡೆನ್ಸ್ ಅನ್ನುವುದು. ಕನ್ನಡದಲ್ಲಿ 'ಕುಸಿತ' ಎಂದು ಬರೆದಿದ್ದೆ, ಹೊಡೆದು ಹಾಕಿದೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಜರಿದದ್ದನ್ನು ಕಂಡ ಜಿಲ್ಲೆ ನಮ್ಮದು. ಇಲ್ಲಿನ ಮಕ್ಕಳಿಗೆ ಕುಸಿತ ಅಂದರೆ ಗುಡ್ಡವೇ. 'ಇಳಿಗಾಳಿ' ಚೆನ್ನಾಗಿದೆ. ಆದರೆ ರಾತ್ರಿ ಗುಡ್ಡದಿಂದ ತೋಟಕ್ಕೆ ಜಾರುವ ತಣ್ಣನೆಯ ಗಾಳಿಗೂ ಅದೇ ಹೆಸರು ಒಪ್ಪುತ್ತದೆ. ಒಂದು ಬೆಚ್ಚಗೆ, ಒಂದು ತಂಪು. ಎರಡಕ್ಕೂ ಒಂದೇ ಪದ ಆದೀತೇ? 'ಅದುಮುಗಾಳಿ' ಎಂದರೆ ಗಾಳಿ ಹೊಗೆಯನ್ನು ಕೈಯಲ್ಲಿ ಒತ್ತಿ ಹಿಡಿದಂತೆ ಕೇಳುತ್ತದೆ. ಹಿಡಿಯುವುದು ಒತ್ತಡವಲ್ಲ, ಮೇಲಿನ ಬಿಸಿ.

ಸುಮ್ನೆ ಇನ್ನೊಂದು ಮಾತು. ಗಾಳಿಯಲ್ಲಿ ತೇಲುವ ಅತಿ ಸಣ್ಣ ಚೂರುಗಳಾದ ಪಿಎಂ 2.5 ಅನ್ನು ಪೇಪರಿನವರು 'ದೂಳು' ಎಂದೇ ಬರೆಯುತ್ತಾರೆ. ದೂಳು ಅಂದರೆ ಕೂರುವಂಥದ್ದು, ಪೊರಕೆಗೆ ಸಿಗುವಂಥದ್ದು. ಇದು 2.5 ಮೈಕ್ರೋಮೀಟರಿಗಿಂತ ಸಣ್ಣದು, ದಿನಗಟ್ಟಲೆ ತೇಲುತ್ತದೆ. ಇದರಲ್ಲಿ ಒಂದಷ್ಟು ಪಾಲು ಹುಟ್ಟುವುದೇ ಗಾಳಿಯಲ್ಲಿ, ಅನಿಲಗಳಿಂದ. 'ಕಣ' ಸಾಕು ಅನಿಸುತ್ತದೆ, ಬತ್ತ ಬಡಿಯುವ ಕಣ ನೆನಪಾದರೂ ಅಡ್ಡಿಯಿಲ್ಲ.

ಕೊನೆಗೆ, ಬಿಸಿಲೇರಿ ಮುಚ್ಚಳ ಒಡೆಯುವ ಹೊತ್ತಿಗೆ ಮೇಲೆ ತೇಲುತ್ತಿದ್ದ ಹೊಗೆ ಒಮ್ಮೆಲೇ ನೆಲಕ್ಕೆ ಬೆರೆತು ಬರುತ್ತದೆ. ಇದಕ್ಕೆ ಫ್ಯೂಮಿಗೇಷನ್ ಅಂತಾರೆ. ಆ ಹೆಸರು ಕೇಳಿದರೆ ನನಗೆ ಗೋದಾಮಿನ ಹುಳಕ್ಕೆ ಹಾಕುವ ಔಷಧಿಯೇ ನೆನಪು. 'ಹೊಗೆಯಿಳಿತ' ನಡೆದೀತಾ? ಘಟ್ಟದ ಮೇಲಿನವರಲ್ಲಿ, ಕುಮಟಾ ಹೊನ್ನಾವರದ ಕಡೆಯವರಲ್ಲಿ ಈಗಾಗಲೇ ಆಡುವ ಮಾತಿದ್ದರೆ ದಯವಿಟ್ಟು ತಿಳಿಸಿ. ನನ್ನ ಪದಗಳನ್ನು ಆಮೇಲೆ ಮೂಲೆಗೆ ಹಾಕಿದರೂ ಬೇಜಾರಿಲ್ಲ.