ಎರಡನೇ ಲೈನ್‌ಗೆ ಬದಲಾದ ಮೇಲೆ ಪಿಂಗ್ ಹೋಗುತ್ತೆ, ಸೈಟ್ ತೆರೆಯಲ್ಲ

ಪ್ರಶ್ನೆ:
ಆಫೀಸಿನಲ್ಲಿ ಪಿಎಫ್‌ಸೆನ್ಸ್ ಫೈರ್‌ವಾಲ್, ಬೇರೆ ಬೇರೆ ಕಂಪನಿಗಳ ಎರಡು ಲೈನ್, ಫೇಲ್‌ಓವರ್ ಗ್ರೂಪ್ (ಒಂದು ಲೈನ್ ಬಿದ್ದರೆ ತಾನೇ ಇನ್ನೊಂದಕ್ಕೆ ಬದಲಾಗುವ ವ್ಯವಸ್ಥೆ) ಕೂಡ ಮಾಡಿದ್ದೇನೆ. ಮೊದಲ ಲೈನಿನ ಕೇಬಲ್ ಕಿತ್ತರೆ 9.9.9.9ಕ್ಕೆ ಪಿಂಗ್ ಹೋಗುತ್ತೆ, ಬ್ರೌಸರಿನಲ್ಲಿ ಮಾತ್ರ ಒಂದು ಸೈಟೂ ತೆರೆಯಲ್ಲ. ಡಿಎಚ್‌ಸಿಪಿಯಲ್ಲಿ (ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ ಸೇವೆ) ಮೊದಲ ಕಂಪನಿಯವರು ಕೊಟ್ಟ ಎರಡು ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ಹುಡುಕಿಕೊಡುವ ಸರ್ವರ್) ವಿಳಾಸ ಹಾಕಿದ್ದೇನೆ.

ಉತ್ತರ:
ಸಮಸ್ಯೆ ಆ ಎರಡು ವಿಳಾಸಗಳಲ್ಲೇ ಇದೆ ಸರ್. ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ ಸರ್ವರ್ ಸಾಮಾನ್ಯವಾಗಿ ತನ್ನ ಗ್ರಾಹಕರ ಐಪಿಗಷ್ಟೇ ಉತ್ತರ ಕೊಡುತ್ತೆ. ಎರಡನೇ ಲೈನಿನಿಂದ ಕೇಳಿದರೆ ಅದಕ್ಕೆ ನೀವು ಹೊರಗಿನವರು. ಕೇಬಲ್ ಕಿತ್ತಿಟ್ಟು, ಎನ್‌ಎಸ್‌ಲುಕಪ್‌ನಲ್ಲಿ (ಡಿಎನ್‌ಎಸ್ ಪರೀಕ್ಷಿಸುವ ಕಮಾಂಡ್) ಒಮ್ಮೆ ಆ ವಿಳಾಸವನ್ನೂ ಒಮ್ಮೆ ಎಲ್ಲರಿಗೂ ಉತ್ತರ ಕೊಡುವ ಸಾರ್ವಜನಿಕ ಡಿಎನ್‌ಎಸ್ ಆದ 9.9.9.9 ಅನ್ನೂ ಕೊಟ್ಟು ನೋಡಿ. ಮೊದಲನೆಯದು 'ರೆಫ್ಯೂಸ್ಡ್' ಅಥವಾ ಟೈಮ್‌ಔಟ್, ಎರಡನೆಯದಕ್ಕೆ ಸರಿಯಾದ ಉತ್ತರ ಬಂದರೆ ಅನುಮಾನವೇ ಬೇಡ.

ಡಿಎಚ್‌ಸಿಪಿಯಲ್ಲಿ ಫೈರ್‌ವಾಲಿನ ಲ್ಯಾನ್ (ಆಫೀಸಿನ ಒಳಗಿನ ನೆಟ್‌ವರ್ಕ್) ವಿಳಾಸ ಒಂದನ್ನೇ ಕೊಡಿ, 192.168.1.1 ಅಂತಿಟ್ಟುಕೊಳ್ಳಿ. ಜನರಲ್ ಸೆಟಪ್‌ನಲ್ಲಿ 1.1.1.1ಕ್ಕೆ (ಇದೂ ಸಾರ್ವಜನಿಕ ಡಿಎನ್‌ಎಸ್) ಮೊದಲ ಗೇಟ್‌ವೇ (ಆ ಲೈನಿನಿಂದ ಹೊರಹೋಗುವ ದಾರಿ), 9.9.9.9ಕ್ಕೆ ಎರಡನೇ ಗೇಟ್‌ವೇ ಆರಿಸಿ. ಅದೇ ಪುಟದ 'ಡಿಎನ್‌ಎಸ್ ಸರ್ವರ್ ಓವರ್‌ರೈಡ್' ಟಿಕ್ ತೆಗೆಯಲೇಬೇಕು, ಇಲ್ಲದಿದ್ದರೆ ಕಂಪನಿಯ ವಿಳಾಸಗಳು ಮತ್ತೆ ಬಂದು ಕೂರುತ್ತವೆ. ಕೊನೆಗೆ ಡಿಎನ್‌ಎಸ್ ರಿಸಾಲ್ವರ್‌ನಲ್ಲಿ ಫಾರ್ವರ್ಡಿಂಗ್ (ಪ್ರಶ್ನೆಗಳನ್ನು ಈ ಎರಡು ಸರ್ವರ್‌ಗಳಿಗೆ ದಾಟಿಸುವುದು) ಆನ್ ಮಾಡಿ. ಹಳೆಯ ಲೀಸ್ (ಡಿಎಚ್‌ಸಿಪಿ ಒಂದು ಅವಧಿಗೆ ಕೊಟ್ಟ ವಿಳಾಸ) ಇರುವ ಕಂಪ್ಯೂಟರ್‌ಗಳು ಅದನ್ನು ನವೀಕರಿಸುವವರೆಗೂ ಹಳೆಯ ಡಿಎನ್‌ಎಸ್ಸನ್ನೇ ಕೇಳುತ್ತಿರುತ್ತವೆ, ನೆನಪಿರಲಿ.

'ಇರಲಿ' ಅಂತ ಕಂಪನಿಯ ವಿಳಾಸವನ್ನೂ ಪಟ್ಟಿಯಲ್ಲಿ ಉಳಿಸಬೇಡಿ. ಸತ್ತ ಸರ್ವರ್ ಮೊದಲಿದ್ದರೆ ಲಿನಕ್ಸ್ ಮಾಮೂಲಿಯಾಗಿ 5 ಸೆಕೆಂಡ್ ಕಾದು ಆಮೇಲೆ ಮುಂದಿನದನ್ನು ಕೇಳುತ್ತೆ. ಕೂತವರಿಗೆ ಅದು 'ನೆಟ್ ನಿಧಾನ' ಅಂತಲೇ ಕಾಣುತ್ತೆ.

ಇನ್ನೊಬ್ಬರ ಉತ್ತರ:
ಲ್ಯಾನ್ ರೂಲಿನಲ್ಲಿ ಫೇಲ್‌ಓವರ್ ಗ್ರೂಪ್ ಹಾಕಿದ್ದರೆ, 192.168.1.1ರ 53ನೇ ಪೋರ್ಟಿಗೆ (ಡಿಎನ್‌ಎಸ್ ಬಳಸುವ ಪೋರ್ಟ್) ಗೇಟ್‌ವೇ ಇಲ್ಲದ ಒಂದು ರೂಲನ್ನು ಅದರ ಮೇಲಿಡಿ. ಯುಡಿಪಿ, ಟಿಸಿಪಿ ಎರಡೂ ಬೇಕು. ಇಲ್ಲದಿದ್ದರೆ ಫೈರ್‌ವಾಲಿಗೇ ಬರಬೇಕಾದ ಡಿಎನ್‌ಎಸ್ ಪ್ರಶ್ನೆ ಹೊರಗಿನ ದಾರಿ ಹಿಡಿಯುತ್ತೆ.

ಪ್ರಶ್ನೆ ಕೇಳಿದವರು:
ಈಗ ಕಂಪ್ಯೂಟರ್‌ಗಳೆಲ್ಲ ಸರಿ ಹೋದವು. ಕೈಯಲ್ಲೇ 1.1.1.1 ಹಾಕಿಟ್ಟ ಒಂದು ಸರ್ವರ್ ಮಾತ್ರ ಮೊದಲ ಲೈನ್ ಬಿದ್ದಾಗ ಈಗಲೂ ಹೆಸರು ಹುಡುಕಲ್ಲ. ಅದರ ರೂಲಿನಲ್ಲಿ ಗೇಟ್‌ವೇ ಡೀಫಾಲ್ಟ್ ಇದೆ.

ಉತ್ತರ:
ಗೇಟ್‌ವೇ ಆರಿಸಿದಾಗ 1.1.1.1ಕ್ಕೆ ಮೊದಲ ಲೈನಿನ ಮೂಲಕವೇ ಸ್ಟ್ಯಾಟಿಕ್ ರೂಟ್ (ತಾನಾಗಿ ಬದಲಾಗದ ದಾರಿ) ಬಿದ್ದಿದೆ. ಲೈನ್ ಬಿದ್ದರೂ ಆ ರೂಟ್ ಹಾಗೇ ಇರುತ್ತೆ. ಗೇಟ್‌ವೇ ಮಾನಿಟರ್ ಐಪಿಗೂ (ಲೈನ್ ಬದುಕಿದೆಯೇ ಅಂತ ಪಿಂಗ್ ಮಾಡಿ ನೋಡುವ ವಿಳಾಸ) ಇದೇ ಕಥೆ, ಹಾಗಾಗಿ ಒಂದು ಲೈನಿನ ಮಾನಿಟರ್ ಐಪಿಯನ್ನು ಇನ್ನೊಂದು ಲೈನಿನ ಡಿಎನ್‌ಎಸ್ ಆಗಿ ಹಾಕಬೇಡಿ. ಸರ್ವರಿಗೂ 192.168.1.1 ಕೊಡಿ.

ಹೊರಗಿನಿಂದ ವಿಪಿಎನ್‌ಗೆ ಬರುವವರಿದ್ದರೆ ಅದು ಬೇರೆ ಕೆಲಸ. ಅವರು ಬಳಸುವ ಹೆಸರಿನ ಎ ರೆಕಾರ್ಡಿನ (ಹೆಸರಿಗೆ ಐಪಿ ಹೇಳುವ ದಾಖಲೆ) ಟಿಟಿಎಲ್ (ಕ್ಯಾಶ್‌ನಲ್ಲಿ ಇಡಬಹುದಾದ ಸೆಕೆಂಡುಗಳು) 86400 ಇದ್ದರೆ ವಿಳಾಸ ಬದಲಿಸಿದರೂ ಹಳೆಯದು ಒಂದು ದಿನದವರೆಗೆ ಕ್ಯಾಶ್‌ನಲ್ಲಿ ಉಳಿಯಬಹುದು. ಈಗಲೇ 300ಕ್ಕೆ ಇಳಿಸಿ, ಡೈನಾಮಿಕ್ ಡಿಎನ್‌ಎಸ್ಸಿಗೆ (ಐಪಿ ಬದಲಾದಾಗ ರೆಕಾರ್ಡನ್ನು ತಾನೇ ಬದಲಿಸುವ ಸೇವೆ) ಫೇಲ್‌ಓವರ್ ಗ್ರೂಪನ್ನೇ ಇಂಟರ್‌ಫೇಸ್ ಆಗಿ ಆರಿಸಿ.