ಲೈಬ್ರರಿ ಪಾಡ್‌ಕಾಸ್ಟ್: ಪುಸ್ತಕ ಪೂರ್ತಿ ಓದಿ ಹಾಕಬಹುದಾ?

ಪ್ರಶ್ನೆ (ಗ್ರಾಮ ಪಂಚಾಯಿತಿ ಅರಿವು ಕೇಂದ್ರದ ಮೇಲ್ವಿಚಾರಕಿ):
ನಮಸ್ತೆ ಮೇಡಂ. ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳು ನಮ್ಮ ಲೈಬ್ರರಿಗೆ ಬರುತ್ತಾರೆ. ಅವರ ಕೈಲಿ ಕಥೆ ಪುಸ್ತಕ ಓದಿಸಿ, ರೆಕಾರ್ಡ್ ಮಾಡಿ, ಪಾಡ್‌ಕಾಸ್ಟ್ ಆಗಿ ಹಾಕೋಣ ಅಂತಿದ್ದೇನೆ. ಊರಲ್ಲಿ ಕಣ್ಣು ಕಾಣದ ಹಿರಿಯರೊಬ್ಬರಿದ್ದಾರೆ, ಅವರಿಗೂ ಕೇಳಿಸುವ ಆಸೆ. ನನ್ನ ಹತ್ತಿರ ಇರುವುದು ಮೊಬೈಲ್ ಒಂದೇ. ಸಾಕಾಗುತ್ತಾ? ಪುಸ್ತಕ ಪೂರ್ತಿ ಓದಿ ಹಾಕಿದರೆ ತೊಂದರೆ ಇಲ್ವಾ?

ಉತ್ತರ (ಕಾಲೇಜು ಗ್ರಂಥಪಾಲಕಿ):
ಮೊಬೈಲ್ ಧಾರಾಳವಾಗಿ ಸಾಕು. ಮೊದಲು ಪುಸ್ತಕದ ವಿಷಯ ಹೇಳಿಬಿಡುತ್ತೇನೆ, ಜಾಸ್ತಿ ಜನ ಎಡವುವುದು ಅಲ್ಲೇ.

ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಕಾಪಿರೈಟ್ ಇರುತ್ತದೆ. ಪಂಜೆ ಮಂಗೇಶರಾಯರು ಹೋಗಿದ್ದು 1937ರಲ್ಲಿ. ಅವರ ಕಾಲದಲ್ಲೇ ಅಚ್ಚಾದ ಕಥೆಗಳನ್ನು ಪೂರ್ತಿ ಓದಿಸಿ, ಯಾರನ್ನೂ ಕೇಳಬೇಕಿಲ್ಲ. ಕುವೆಂಪು ಹೋಗಿದ್ದು 1994ರಲ್ಲಿ. ಅವರ ಪುಸ್ತಕಕ್ಕೆ 2054 ಮುಗಿಯುವವರೆಗೂ ಅನುಮತಿ ಬೇಕು. ಮಕ್ಕಳು ಓದಿದ್ದು, ದುಡ್ಡಿಗಲ್ಲ ಅಂದರೆ ನಡೆಯುವುದಿಲ್ಲ. ಅಜ್ಜಿ ಬಾಯಲ್ಲಿ ಕೇಳಿದ ಜನಪದ ಕಥೆಗೆ ಈ ಗೊಡವೆ ಇಲ್ಲ. ಆದರೆ ಅದನ್ನೇ ಯಾರೋ ತಮ್ಮ ಮಾತಿನಲ್ಲಿ ಬರೆದು ಅಚ್ಚು ಹಾಕಿಸಿದ್ದರೆ ಆ ಬರಹಕ್ಕೆ ಹಕ್ಕಿರುತ್ತದೆ.

ನನ್ನ ಕೇಳಿದರೆ ಪೂರ್ತಿ ಓದಿಸುವುದೇ ಬೇಡ. ಒಂದು ಮಗು ತನಗೆ ಇಷ್ಟವಾದ ಪುಸ್ತಕದ ಬಗ್ಗೆ ಐದು ನಿಮಿಷ ಮಾತಾಡಲಿ. ಯಾಕೆ ಇಷ್ಟ ಆಯ್ತು, ಎಲ್ಲಿ ಭಯ ಆಯ್ತು, ಎಲ್ಲಿ ಬೇಜಾರಾಯ್ತು, ಎಲ್ಲ ಹೇಳಲಿ. ನಡುವೆ ನಾಲ್ಕೈದು ಸಾಲು ಓದಲಿ. ವಿಮರ್ಶೆಗಾಗಿ ಅಷ್ಟು ಓದಲು ಕಾನೂನಿನಲ್ಲೇ ಅವಕಾಶ ಇದೆ. ಮುಂದೇನಾಯ್ತು ಅನ್ನುವ ಜಾಗದಲ್ಲಿ ನಿಲ್ಲಿಸಿ, ಪುಸ್ತಕ ಯಾವ ಕಪಾಟಿನಲ್ಲಿದೆ ಅಂತ ಹೇಳಿಸಿ. ಕೇಳಿದವರು ಪುಸ್ತಕ ಹುಡುಕಿಕೊಂಡು ಬರಬೇಕು. ಲೈಬ್ರರಿ ಪಾಡ್‌ಕಾಸ್ಟ್ ಇರುವುದೇ ಅದಕ್ಕೆ ಅಲ್ವಾ?

ಆ ಹಿರಿಯರಿಗೆ ಮಾತ್ರ ಯಾವ ಪುಸ್ತಕವನ್ನಾದರೂ ಪೂರ್ತಿ ಓದಿ ಕೊಡಿ, ಧೈರ್ಯವಾಗಿ. ಅಂಗವಿಕಲರು ಬಳಸಲು ಆಗುವ ರೂಪದಲ್ಲಿ ಪುಸ್ತಕ ಮಾಡಿಕೊಡಲು ಕಾಪಿರೈಟ್ ಕಾನೂನಿನ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಲಾಭ ಮಾಡಿಕೊಳ್ಳಬಾರದು, ಊರಿಗೆಲ್ಲ ಹಂಚಬಾರದು. ಮೆಮೊರಿ ಕಾರ್ಡಿಗೆ ಹಾಕಿ ಅವರ ಕೈಗೇ ಕೊಡಿ.

ಇನ್ನು ರೆಕಾರ್ಡಿಂಗ್. ಪುಸ್ತಕ ತುಂಬಿದ ಕಪಾಟುಗಳ ನಡುವೆ ಕೂರಿಸಿ, ದನಿ ಅಷ್ಟಾಗಿ ಗುಂಯ್‌ಗುಡುವುದಿಲ್ಲ. ಫ್ಯಾನ್ ಆಫ್ ಮಾಡಿ. ಫೋನ್ ಏರೋಪ್ಲೇನ್ ಮೋಡಿನಲ್ಲಿರಲಿ. ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ. ನೇರ ಎದುರಿಗೆ ಹಿಡಿದರೆ ಪ, ಭ ಬಂದಾಗಲೆಲ್ಲ ಉಸಿರು ಬಡಿದು ‘ಬುಸ್’ ಅನ್ನುತ್ತದೆ.

ಮರುಪ್ರಶ್ನೆ:
ಥ್ಯಾಂಕ್ಸ್ ಮೇಡಂ. ಸುಮ್ನೆ ವಾಟ್ಸಾಪ್ ಗುಂಪಿಗೆ ಆಡಿಯೋ ಕಳಿಸಿದರೆ ಸಾಕಲ್ವಾ? ಇಲ್ಲಿ ನೆಟ್‌ವರ್ಕ್ ಕಡಿಮೆ.

ಉತ್ತರ:
ಕಳಿಸಿ, ಆದರೆ ಅದು ನಾಳೆಯ ಗುಡ್ ಮಾರ್ನಿಂಗ್‌ಗಳ ಕೆಳಗೆ ಹೂತುಹೋಗುತ್ತದೆ. ಪಾಡ್‌ಕಾಸ್ಟ್‌ಗೆ ಫೀಡ್ ಅಂತ, ಅಂದರೆ ಕಂತುಗಳ ಪಟ್ಟಿ ಇರುತ್ತದೆ. ಒಮ್ಮೆ ಫಾಲೋ ಮಾಡಿದವರಿಗೆ ಹೊಸ ಕಂತು ತಾನಾಗೇ ಸಿಗುತ್ತದೆ, ಹಳೆಯದೂ ಅಲ್ಲೇ ಇರುತ್ತದೆ. ಸ್ಪಾಟಿಫೈ ಫಾರ್ ಕ್ರಿಯೇಟರ್ಸ್ ಅನ್ನುವ ಪಾಡ್‌ಕಾಸ್ಟ್ ಜಾಲತಾಣದಲ್ಲಿ ಪುಕ್ಕಟೆಯಾಗಿ ಹಾಕಬಹುದು. ನೆಟ್‌ವರ್ಕ್ ಕಡಿಮೆ ಅಂದಿರಲ್ಲ, ಫೈಲನ್ನು ಚಿಕ್ಕದಾಗಿ 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಮೋನೋ (ಒಂದೇ ಚಾನೆಲ್) ಎಂಪಿ3 ಮಾಡಿದರೆ ಅರ್ಧ ಗಂಟೆಯ ಮಾತು 14 ಎಂಬಿ ಚಿಲ್ಲರೆ ಆಗುತ್ತದೆ. ಮಾತಿಗೆ ಅಷ್ಟು ಸಾಕು. ಕಂತಿನ ಕ್ಯುಆರ್ ಕೋಡನ್ನು ಆ ಪುಸ್ತಕದ ಹಿಂದಿನ ರಟ್ಟಿನ ಒಳಗೆ, ತಾರೀಕು ಚೀಟಿಯ ಪಕ್ಕ ಅಂಟಿಸಿ.

ಪ್ರಶ್ನೆ (ಹೈಸ್ಕೂಲ್ ಮೇಷ್ಟ್ರು):
ನಡುವೆ ಬಂದೆ, ಕ್ಷಮಿಸಿ. ತರಗತಿಯಲ್ಲಿ ಪಾಡ್‌ಕಾಸ್ಟ್ ಹಾಕಿದರೆ ಹತ್ತು ನಿಮಿಷಕ್ಕೇ ಮಕ್ಕಳು ತೂಕಡಿಸುತ್ತಾರೆ. ಏನು ಮಾಡಲಿ?

ಉತ್ತರ:
ಒಂದೇ ಸಲಕ್ಕೆ ಅಷ್ಟು ಹೊತ್ತು ಹಾಕಬೇಡಿ ಸರ್. ನಾಲ್ಕು ನಿಮಿಷ ಸಾಕು. ಹಾಕುವ ಮುಂಚೆ ಬೋರ್ಡ್ ಮೇಲೆ ಒಂದೇ ಪ್ರಶ್ನೆ ಬರೆಯಿರಿ, ಉತ್ತರ ಹುಡುಕುತ್ತಾ ಕೇಳಲಿ. ನಿಲ್ಲಿಸಿ, ಮಾತಾಡಿಸಿ, ಅದೇ ತುಣುಕನ್ನು ಮತ್ತೆ ಹಾಕಿ. ಕಿವಿ ಮಂದ ಇರುವ ಮಗು ಇದ್ದರೆ ಮಾತುಗಳನ್ನು ಬರೆದ ಹಾಳೆ ಮೊದಲೇ ಕೊಡಿ.

ಇಬ್ಬರಿಗೂ ಒಂದು ಮಾತು: ಮಕ್ಕಳ ದನಿ ಹೊರಗೆ ಹಾಕುವ ಮುಂಚೆ ಅಪ್ಪ ಅಥವಾ ಅಮ್ಮನಿಂದ ಒಪ್ಪಿಗೆ ಬರೆಸಿಕೊಳ್ಳಿ. ಮಗುವಿನ ಪೂರ್ತಿ ಹೆಸರು, ಮನೆ ಎಲ್ಲಿ ಅನ್ನುವುದು ರೆಕಾರ್ಡಿಂಗ್‌ನಲ್ಲಿ ಬರಬಾರದು.